‘ಫ್ಯಾಮಿಲಿ ಬ್ಯಾಡ್ರಿ, ಹೊರಗ ಕುಂದರ್ತೀವಿ’

ಜಪಾನಿನ ಒಸಾಕಾ ನಗರದವರಿಗೆ ತಿನ್ನುವ ಹುಚ್ಚು ಬಹಳ. ‘ಕುಯಿದಾವೊರೆ’ ಎಂಬ ಮಾತೇ ಅಲ್ಲಿದೆ. ತಿಂದು ತಿಂದೇ ದಿವಾಳಿಯಾಗುವುದು ಎಂದು ಅದರ ಅರ್ಥ. ಒಂದು ಬಾರಿನಲ್ಲಿ ಒಂದು ಗ್ಲಾಸ್, ಪಕ್ಕದ ಬಾರಿನಲ್ಲಿ ಇನ್ನೊಂದು ಎಂದು ಅಂಗಡಿ ಬದಲಿಸುತ್ತ ಹೋಗುವುದನ್ನು ಜಪಾನಿಯರು ‘ಹಾಶಿಗೊ’ ಎನ್ನುತ್ತಾರೆ. ಹಾಶಿಗೊ ಅಂದರೆ ಏಣಿ. ಹಾಸ್ಟೆಲ್‌ನಲ್ಲಿ ಒಸಾಕಾದ ದೊತೊಂಬೊರಿ ಬೀದಿಯ ವಿಡಿಯೊ ನೋಡುತ್ತಿದ್ದಾಗ ಇಂಡಿಯ ಗೆಳತಿ, ‘ನಾವೂ ಹಿಂಗ ಒಂದಿನ ತಿರಗೂಣೇನ? ಬಾರ್ ಬ್ಯಾಡ, ಚಾದಂಗಡಿ’ ಎಂದಳು.

ನಮ್ಮ ರೂಮಿನಲ್ಲಿ ನಾಲ್ವರು. ಇಂಡಿ, ಸಿಂದಗಿ, ಬಸವನ ಬಾಗೇವಾಡಿಯ ಒಬ್ಬೊಬ್ಬರು, ಮುದ್ದೇಬಿಹಾಳದ ನಾನು. ಐದನೇ ಸೆಮ್ ಪರೀಕ್ಷೆ ಮುಗಿದ ಮರುದಿನ ವಿಜಯಪುರದಿಂದ ಹೊರಡುವುದೆಂದಾಯಿತು. ತಲಾ ಮುನ್ನೂರು ರೂಪಾಯಿ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಇರುವುದರಿಂದ ಬಸ್ಸಿಗೆ ಆಧಾರ್ ಕಾರ್ಡ್ ಸಾಕು. ದುಡ್ಡೆಲ್ಲ ಹೊಟ್ಟೆಗೇ.

ಹಾಕಿಕೊಂಡ ಶರತ್ತು ಒಂದೇ: ಪಾರ್ಸೆಲ್ ಇಲ್ಲ, ಅಲ್ಲೇ ತಿನ್ನಬೇಕು. ಹುಡುಗರಿಗೆ ಇದೇನು ದೊಡ್ಡ ಶರತ್ತು ಅನಿಸಬಹುದು. ಇಪ್ಪತ್ತು ವರ್ಷದಲ್ಲಿ ನಾನು ತಿಂದ ಮಿರ್ಚಿ ಭಜಿಗೆ ಲೆಕ್ಕವಿಲ್ಲ, ಆದರೆ ಅಷ್ಟೂ ಅಪ್ಪ ಪೇಪರಿನಲ್ಲಿ ಕಟ್ಟಿಸಿಕೊಂಡು ತಂದವೇ. ಗಾಡಿಯ ಮುಂದೆ ನಿಂತು ಒಂದನ್ನೂ ತಿಂದಿರಲಿಲ್ಲ.

ಇಂಡಿಯಲ್ಲಿ ಇಳಿದಾಗ ಇನ್ನೂ ಚಳಿ. ಬಿಸಿ ಸುಸಲಾ, ಮೇಲೆ ಪುಠಾಣಿ ಪುಡಿ, ಪಕ್ಕದಲ್ಲಿ ಮಿರ್ಚಿ. ಲಿಂಬೆ ಹಿಂಡದೆ ಬಾಯಿಗಿಟ್ಟರೆ ಊರಿಗೇ ಅವಮಾನ ಎಂದು ಇಂಡಿಯವಳು ಗದರಿದಳು. ಅವಳ ಜಂಬ ಸುಳ್ಳಲ್ಲ. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಅಲ್ಲೇ. ಹೋಟೆಲಿನ ಹುಡುಗ ಮಾತ್ರ ನಾವು ಒಳಗೆ ಕಾಲಿಡುತ್ತಲೇ ‘ಫ್ಯಾಮಿಲಿ ಆ ಕಡೆ ಐತ್ರಿ’ ಎಂದು ಕೈ ತೋರಿಸಿದ್ದ. ಹಸಿರು ಪರದೆ, ಅದರ ಹಿಂದೆ ಕಿಟಕಿಯಿಲ್ಲದ ಕೋಣೆ, ತಿರುಗದ ಫ್ಯಾನು. ಏನೂ ಹೇಳಲು ತೋಚದೆ ಅಲ್ಲೇ ಕುಳಿತು ತಿಂದೆವು. ಜಪಾನಿನ ಸಣ್ಣ ಹೋಟೆಲುಗಳ ಬಾಗಿಲಿಗೂ ‘ನೋರೆನ್’ ಎಂಬ ಪರದೆ ಇರುತ್ತದೆ. ಅದು ತೂಗುತ್ತಿದ್ದರೆ ಅಂಗಡಿ ತೆರೆದಿದೆ, ಬನ್ನಿ ಎಂದರ್ಥ. ನಮ್ಮ ಪರದೆಯ ಅರ್ಥ ಬೇರೆ.

ಸಿಂದಗಿಯ ದಾರಿಯುದ್ದಕ್ಕೂ ಎರೆ ಹೊಲ, ತೆನೆ ಕಟ್ಟುತ್ತಿದ್ದ ಬಿಳಿಜೋಳ. ಮಧ್ಯಾಹ್ನದ ಹೊತ್ತಿಗೆ ಖಾನಾವಳಿ ತುಂಬಿತ್ತು. ಲಾರಿ ಡ್ರೈವರುಗಳು, ಕೋರ್ಟಿಗೆ ಬಂದ ರೈತರು, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರು. ಇಲ್ಲಿಯೂ ಅದೇ ಮಾತು, ‘ಫ್ಯಾಮಿಲಿ ಒಳಗ ಐತಿ’. ಈ ಸಲ ಸಿಂದಗಿಯವಳು, ‘ಫ್ಯಾಮಿಲಿ ಬ್ಯಾಡ್ರಿ, ಹೊರಗ ಕುಂದರ್ತೀವಿ’ ಎಂದುಬಿಟ್ಟಳು. ಒಂದು ಕ್ಷಣ ಎಲ್ಲರ ಕೈ ತುತ್ತಿನ ಮೇಲೇ ನಿಂತಿತು. ಒಬ್ಬ ಮುದುಕಪ್ಪ ಮಾತ್ರ ತನ್ನ ತಾಟು ಸರಿಸಿ, ‘ಕುಂದರ್ರಿ ತಂಗೆವ್ವಾ’ ಎಂದ.

ಆ ಊಟದ ಬಗ್ಗೆ ಬರೆಯದಿದ್ದರೆ ಪಾಪ. ಹೆಂಚಿನಿಂದ ನೇರವಾಗಿ ತಾಟಿಗೆ ಬಂದ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ ಎಣಗಾಯಿ, ಜುಣಕ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು. ಮೂರು ರೊಟ್ಟಿ ಉಂಡೆ. ಬಾಗೇವಾಡಿಯವಳು ಐದು.

ಕೈ ತೊಳೆಯಲು ಹೋದಾಗ ಅಡುಗೆಮನೆ ಕಂಡಿತು. ಒಲೆಯ ಮುಂದೆ ಮೂವರು ಹೆಂಗಸರು ಸರದಿಯಂತೆ ರೊಟ್ಟಿ ಬಡಿಯುತ್ತಿದ್ದರು. ಹೊರಗೆ ಉಣ್ಣುವವರೆಲ್ಲ ಗಂಡಸರು, ಒಳಗೆ ಬೇಯಿಸುವವರೆಲ್ಲ ಹೆಂಗಸರು. ‘ಊಟ ಭಾಳ ಚಲೋ ಇತ್ರಿ ಅಕ್ಕಾರ’ ಎಂದೆ. ಹಿರಿಯಾಕೆ ಬೆವರು ಒರೆಸಿಕೊಂಡು ನಕ್ಕಳು. ‘ಹನ್ನೆರಡ ವರ್ಷಾತು ಇಲ್ಲಿ ರೊಟ್ಟಿ ಬಡಿಯಾಕತ್ತು. ಆ ಬೆಂಚಿನ ಮ್ಯಾಲ ಕುಂತು ನಾ ಒಮ್ಮಿನೂ ಉಂಡಿಲ್ಲ ನೋಡವ್ವಾ.’ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಗಿರಾಕಿಗಳು ಕಾಯುತ್ತಿದ್ದರು.

ದೇವರ ಹಿಪ್ಪರಗಿಯಲ್ಲಿ ಬಸ್ ಬದಲಿಸಿ, ಡೋಣಿ ನದಿ ದಾಟಿ ಬಸವನ ಬಾಗೇವಾಡಿಗೆ ಬಂದೆವು. ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಹಾಗಾಗಿ ಏಣಿಯ ಮೆಟ್ಟಿಲಿನಂತೆ ಮೂರು ಚಹಾದಂಗಡಿ. ‘ಎರಡರಾಗ ನಾಕ ಮಾಡ್ರಿ’ ಎಂದರೆ ಎರಡು ಚಹಾ ನಾಲ್ಕು ಗ್ಲಾಸಿಗೆ. ಮೊದಲ ಅಂಗಡಿಯಲ್ಲಿ ಒಂಬತ್ತು ತಲೆಗಳು ನಮ್ಮತ್ತ ತಿರುಗಿದವು, ಎರಡು ನಿಮಿಷಕ್ಕೆ ಮತ್ತೆ ಮೊಬೈಲಿಗೆ ಬಾಗಿದವು. ಅಷ್ಟೇ. ಇಷ್ಟು ವರ್ಷ ಹೆದರಿದ್ದು ಈ ಎರಡು ನಿಮಿಷಕ್ಕೇ? ಎರಡನೆಯದರಲ್ಲಿ ಒಬ್ಬ ಬೇಕೆಂದೇ ಹಾಡು ಜೋರು ಮಾಡಿದ, ಸುಳ್ಳೇಕೆ ಹೇಳಲಿ. ನಾವು ಗ್ಲಾಸ್ ಖಾಲಿ ಮಾಡಿಯೇ ಎದ್ದೆವು. ಹನ್ನೆರಡನೇ ಶತಮಾನದಲ್ಲಿ ಬಸವಣ್ಣ ಹುಟ್ಟಿದ ಊರಿದು. ನಾನು ಉಂಡ ಯಾವ ದಾಸೋಹದ ಪಂಕ್ತಿಯಲ್ಲೂ ಪರದೆ ಕಟ್ಟಿದ್ದು ನೋಡಿಲ್ಲ. ಅದೇ ಜನ ಹೋಟೆಲಿಗೆ ಬಂದಾಗ ಪರದೆ ಎಲ್ಲಿಂದ ಬರುತ್ತದೋ.

ಮುದ್ದೇಬಿಹಾಳ ತಲುಪಿದಾಗ ಕತ್ತಲು. ಉಳಿದ ಮೂರೂರಲ್ಲಿ ನಾನು ಯಾರೋ ಒಬ್ಬಳು. ಇಲ್ಲಿ ಅಪ್ಪನ ಮಗಳು. ಗೆಳತಿಯರು ಆಗಲೇ ಗಾಡಿಯ ಮುಂದೆ ನಿಂತು ಗಿರಮಿಟ್ ಹೇಳಿದ್ದರು, ನನ್ನ ಕಾಲು ಮಾತ್ರ ಏಳಲೊಲ್ಲದು. ಭಜಿಯ ಗಾಡಿಯವನು ಗುರುತು ಹಿಡಿದು, ರೂಢಿಯಂತೆ ಪೇಪರ್ ಕೈಗೆತ್ತಿಕೊಂಡ. ‘ಕಟ್ಟಬ್ಯಾಡ್ರಿ ಕಾಕಾ, ಇಲ್ಲೇ ತಿಂತೀನಿ’ ಎಂದೆ. ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ ನಾಲಿಗೆ ಸುಟ್ಟಿತು. ಮೇಲಿನ ಪದರು ಹಲ್ಲಿಗೆ ಕರುಂ ಎಂದಿತು. ಪೇಪರಿನಲ್ಲಿ ಮೆತ್ತಗಾಗಿ ಮನೆಗೆ ಬರುತ್ತಿದ್ದದ್ದು ಬೇರೆಯೇ ತಿಂಡಿ.

ನಾವು ಮನೆ ಮುಟ್ಟುವ ಮೊದಲೇ ಫೋನ್ ಮುಟ್ಟಿತ್ತು. ‘ನಿಮ್ಮ ಹುಡುಗಿ ಗಾಡಿ ಮುಂದ ನಿಂತು ತಿನ್ನಾಕತ್ತಾಳ’ ಎಂದು ಯಾರೋ ಅಪ್ಪನಿಗೆ ಹೇಳಿದ್ದರು. ಅಪ್ಪ ನನ್ನನ್ನು ನೋಡಿದ, ಮಾತಾಡಲಿಲ್ಲ. ಗೆಳತಿಯರು ಚಪ್ಪಲಿ ಬಿಡುವುದಕ್ಕೇ ಐದು ನಿಮಿಷ ತೆಗೆದುಕೊಂಡರು. ಅವ್ವ ನೀರು ತಂದುಕೊಟ್ಟು, ಮೆಲ್ಲಗೆ ಕೇಳಿದಳು: ‘ಬಿಸಿ ಇದ್ದುವೇನ?’

‘ಇದ್ದುವವ್ವಾ. ಬಾಯಿ ಸುಡೂವಷ್ಟು.’

ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಟಿವಿಯ ದನಿ ಹೆಚ್ಚಿಸಿದ.