ನೋಹನ ನಾವೆಗೆ ಹಲವು ದೇಶಗಳ ಬಣ್ಣ

ಬೇರೆ ಬೇರೆ ದೇಶಗಳ ಶಾಲಾ ಮಕ್ಕಳು ಒಂದೇ ಕತೆಯನ್ನು ತಮ್ಮ ತಮ್ಮ ಮಾತಿನಲ್ಲಿ ಬರೆದು, ಚಿತ್ರ ರಚಿಸಿ, ಅಂತರ್ಜಾಲದ ಮೂಲಕ ಪರಸ್ಪರ ಹಂಚಿಕೊಳ್ಳುವ ಪರಿಪಾಠಕ್ಕೆ ಮೂರು ದಶಕಗಳಿಗೂ ಮಿಕ್ಕ ಇತಿಹಾಸವಿದೆ. ಜಾನಪದ ಕತೆಗಳನ್ನು ಆಯ್ದುಕೊಂಡಾಗ ಶಿಕ್ಷಕರಿಗೆ ಹೆಚ್ಚಿನ ತೊಡಕಿಲ್ಲ. ಬೈಬಲ್ ಕತೆಗಳನ್ನು ಆಯ್ದುಕೊಂಡರೆ ಮಾತ್ರ ಮೊದಲ ದಿನವೇ ಪ್ರಶ್ನೆಗಳು ಏಳುತ್ತವೆ. ಯಾಕೆಂದರೆ ನೋಹ, ಅಬ್ರಹಾಮ, ಯೋಸೇಫ, ಯೋನ ಇವರೆಲ್ಲ ಯೆಹೂದಿ, ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳು ಮೂರಕ್ಕೂ ಸೇರಿದವರು. ಅವರ ಕತೆಗಳು ಮಾತ್ರ ಮೂರೂ ಕಡೆ ಒಂದೇ ರೀತಿಯಲ್ಲಿಲ್ಲ.

ಇಂತಹ ಜಂಟಿ ಕಲಿಕೆಗೆ ದಾರಿ ತೆರೆದದ್ದು ಶೀತಲ ಸಮರದ ಕೊನೆಯ ವರ್ಷಗಳು. 1988ರಲ್ಲಿ ನ್ಯೂಯಾರ್ಕ್ ರಾಜ್ಯ ಮತ್ತು ಮಾಸ್ಕೋದ ಶಾಲೆಗಳನ್ನು ಗಣಕಯಂತ್ರದ ಮೂಲಕ ಬೆಸೆದ ಪ್ರಯೋಗವೇ ಮುಂದೆ 'ಐ-ಅರ್ನ್' ಎಂಬ ಅಂತರರಾಷ್ಟ್ರೀಯ ಜಾಲವಾಗಿ ಬೆಳೆಯಿತು. 1990ರಲ್ಲಿ ನಾರ್ವೆಯಲ್ಲಿ ಆರಂಭಗೊಂಡ 'ಕಿಡ್‌ಲಿಂಕ್' 10ರಿಂದ 15 ವರ್ಷದ ಮಕ್ಕಳನ್ನು ಪರಸ್ಪರ ಮಾತಿಗೆಳೆಯಿತು. 2005ರಲ್ಲಿ ಐರೋಪ್ಯ ಆಯೋಗವು 'ಇ-ಟ್ವಿನ್ನಿಂಗ್' ಯೋಜನೆಯನ್ನು ಜಾರಿಗೆ ತಂದ ಮೇಲೆ ಯುರೋಪಿನ ಶಾಲೆಗಳಿಗೆ ಇದು ಪಠ್ಯದ ಭಾಗವೇ ಆಗಬಲ್ಲ ಕೆಲಸವಾಯಿತು.

ಕೆಲಸದ ಕ್ರಮ ಸರಳ. ಒಂದು ತರಗತಿ ಕತೆಯ ಮೊದಲ ಭಾಗವನ್ನು ಬರೆಯುತ್ತದೆ, ಇನ್ನೊಂದು ಮುಂದುವರಿಸುತ್ತದೆ, ಮತ್ತೊಂದು ಚಿತ್ರಗಳನ್ನು ಒದಗಿಸುತ್ತದೆ. ಸಾಮಾನ್ಯ ಭಾಷೆ ಬಹುತೇಕ ಇಂಗ್ಲಿಷ್. ಆದರೆ ಎಲ್ಲರಿಗೂ ಒಪ್ಪಿಗೆಯಾಗುವ ಒಂದೇ ಪಾಠವನ್ನು ಸಿದ್ಧಪಡಿಸಲು ಹೊರಟರೆ ಕತೆಯ ಜೀವವೇ ಹೋಗುತ್ತದೆ ಎಂಬುದಕ್ಕೆ ನೋಹನ ನಾವೆಯೇ ಉತ್ತಮ ನಿದರ್ಶನ.

ಆದಿಕಾಂಡದ ಪ್ರಕಾರ ನಾವೆಯ ಉದ್ದ 300 ಮೊಳ, ಅಗಲ 50 ಮೊಳ, ಎತ್ತರ 30 ಮೊಳ, ಮೂರು ಅಂತಸ್ತು. ಅಂದರೆ ಅದು ದೊಡ್ಡದೊಂದು ಪೆಟ್ಟಿಗೆ. ಚಿತ್ರಪುಸ್ತಕಗಳಲ್ಲಿ ಕಾಣುವ, ಜಿರಾಫೆಯ ಕುತ್ತಿಗೆ ಹೊರಚಾಚಿದ ದುಂಡನೆಯ ದೋಣಿಯಲ್ಲ. ಪ್ರಾಣಿಗಳು ಎರಡೆರಡು ಎಂಬುದೂ ಅರ್ಧ ಸತ್ಯ. ಒಂದು ಅಧ್ಯಾಯ ಹಾಗೆ ಹೇಳಿದರೆ, ಮುಂದಿನದು ಶುದ್ಧ ಪ್ರಾಣಿಗಳನ್ನು ಏಳೇಳರಂತೆ ತೆಗೆದುಕೊಳ್ಳಲು ಆಜ್ಞಾಪಿಸುತ್ತದೆ. ಜಲ ಇಳಿದ ಮೇಲೆ ನಾವೆ ನಿಂತದ್ದು ಬೈಬಲಿನಲ್ಲಿ ಅರರಾಟ್ ಪರ್ವತಗಳ ಮೇಲೆ, ಕುರಾನಿನಲ್ಲಿ ಜೂದಿಯ ಮೇಲೆ.

ಇವು ಸಣ್ಣ ವ್ಯತ್ಯಾಸಗಳೆನ್ನಬಹುದು. ದೊಡ್ಡದು ಬೇರೆಯೇ ಇದೆ. ಬೈಬಲಿನಲ್ಲಿ ನೋಹನ ಮೂವರು ಮಕ್ಕಳೂ ಬದುಕಿ ಉಳಿಯುತ್ತಾರೆ. ಕುರಾನಿನ ನೂಹ್‌ಗೆ ಮಾತು ಕೇಳದ ಮಗನೊಬ್ಬನಿದ್ದಾನೆ. ತಂದೆ ಕರೆಯುತ್ತಾನೆ, ಬೆಟ್ಟವೇರಿ ಪಾರಾಗುವೆನೆಂದು ಮಗ ನಿರಾಕರಿಸುತ್ತಾನೆ, ಅಲೆಯೊಂದು ಇಬ್ಬರ ನಡುವೆ ಬಂದು ಅವನು ಮುಳುಗುತ್ತಾನೆ. ಮುಸ್ಲಿಂ ಮನೆಯಿಂದ ಬಂದ ಮಗು ಈ ಪ್ರಸಂಗವನ್ನು ಬರೆದರೆ ಅದನ್ನು 'ತಪ್ಪು' ಎಂದು ಹೊಡೆದುಹಾಕುವ ಅಧಿಕಾರ ಯಾರಿಗಿದೆ? ಎರಡೂ ರೂಪಗಳನ್ನು ಅಕ್ಕಪಕ್ಕದ ಪುಟಗಳಲ್ಲಿ ಇಟ್ಟು, ಯಾವುದು ಯಾವ ಗ್ರಂಥದ್ದೆಂದು ನಮೂದಿಸುವುದೇ ಪ್ರಾಮಾಣಿಕ ಮಾರ್ಗ.

ಅಬ್ರಹಾಮನ ಬಲಿಯ ಕತೆಯಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಬೈಬಲ್ ಹೇಳುವಂತೆ ಬಲಿಪೀಠದ ಮೇಲಿದ್ದವನು ಇಸಾಕ. ಕುರಾನ್ ಆ ಪ್ರಸಂಗದಲ್ಲಿ ಮಗನ ಹೆಸರನ್ನು ಹೇಳುವುದಿಲ್ಲ; ಆತ ಇಸ್ಮಾಯಿಲ್ ಎಂಬುದು ಮುಸ್ಲಿಮರಲ್ಲಿ ಬಹುಜನರ ನಂಬಿಕೆ. ನಮ್ಮಲ್ಲಿ ಪ್ರತಿ ವರ್ಷ ಬಕ್ರೀದ್ ಆಚರಣೆಯ ಹಿಂದಿರುವುದೂ ಇದೇ ಘಟನೆ. ಇಲ್ಲಿ ಹೆಸರೊಂದು ಬದಲಾದರೆ ಮಗುವಿನ ಮನೆಯ ಹಬ್ಬವನ್ನೇ ಮುಟ್ಟಿದಂತೆ.

ಹಾಗೆಂದು ಎಲ್ಲ ವ್ಯತ್ಯಾಸವೂ ಧರ್ಮಸೂಕ್ಷ್ಮವಲ್ಲ. ಕೆಲವು ಕೇವಲ ರೂಢಿಯಿಂದ ಬಂದವು. ಏದೆನ್ ತೋಟದ ಹಣ್ಣು ಸೇಬು ಎಂದು ಬೈಬಲ್ ಎಲ್ಲಿಯೂ ಹೇಳಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಸೇಬು ಮತ್ತು ಕೆಡುಕು ಎಂಬ ಪದಗಳು ಒಂದನ್ನೊಂದು ಹೋಲುವುದು ಈ ರೂಢಿಗೆ ಕಾರಣವೆಂದು ಹಲವರು ಹೇಳುತ್ತಾರೆ. ಯೆಹೂದಿ ಪಂಡಿತರು ದ್ರಾಕ್ಷಿ, ಅಂಜೂರ, ಕಡೆಗೆ ಗೋಧಿಯನ್ನೂ ಸೂಚಿಸಿದ್ದುಂಟು. ಯೋಸೇಫನ ಬಣ್ಣಬಣ್ಣದ ಅಂಗಿಯೂ ಹಾಗೆಯೇ. ಮೂಲ ಹೀಬ್ರೂ ಪದದ ಅರ್ಥ ಉದ್ದ ತೋಳಿನ ಅಂಗಿ ಎಂದೂ ಇರಬಹುದು. ಮಕ್ಕಳ ಬಣ್ಣದ ಪೆಟ್ಟಿಗೆಗೆ ಯಾವ ಅರ್ಥ ಹಿಡಿಸುತ್ತದೆಂದು ಬೇರೆ ಹೇಳಬೇಕಿಲ್ಲ.

ಇನ್ನು ಚಿತ್ರದ ಪ್ರಶ್ನೆ. ಪ್ರವಾದಿಗಳ ಮುಖ ಚಿತ್ರಿಸುವುದನ್ನು ಬಹಳಷ್ಟು ಮುಸ್ಲಿಂ ಕುಟುಂಬಗಳು ಒಪ್ಪುವುದಿಲ್ಲ. ಯೆಹೂದಿ ಸಂಪ್ರದಾಯದಲ್ಲಿಯೂ ವಿಗ್ರಹ ನಿಷೇಧದ ಆಜ್ಞೆಯಿದೆ. ಆರ್ಥೊಡಾಕ್ಸ್ ಕ್ರೈಸ್ತರಿಗಾದರೋ ಸಂತರ ಮುಖವಿಲ್ಲದ ಚಿತ್ರವೇ ಅಪೂರ್ಣ. ಆದರೆ ಇತಿಹಾಸ ನಾವು ಊಹಿಸಿದಷ್ಟು ಬಿಗಿಯಾಗಿಲ್ಲ. ಸಿರಿಯಾದ ದುರಾ ಯುರೋಪಸ್‌ನಲ್ಲಿ ಮೂರನೆಯ ಶತಮಾನದ ಯೆಹೂದಿ ಪ್ರಾರ್ಥನಾ ಮಂದಿರದ ಗೋಡೆಗಳ ತುಂಬ ಬೈಬಲ್ ಕತೆಗಳ ಚಿತ್ರಗಳಿದ್ದವು. ಸುಮಾರು 1300ರಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಯೆಹೂದಿ ಹಸ್ತಪ್ರತಿಯೊಂದರಲ್ಲಿ ಮನುಷ್ಯರ ಮೈಗೆ ಹಕ್ಕಿಯ ತಲೆ ಬರೆಯಲಾಗಿದೆ. ಅದೀಗ ಜೆರುಸಲೇಮಿನ ಇಸ್ರೇಲ್ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ದೇಶದಲ್ಲಿ 1580ರಲ್ಲಿ ಜೆಸುಯಿಟ್ ಪಾದ್ರಿಗಳು ಅಕ್ಬರನಿಗೆ ಆಂಟ್‌ವರ್ಪ್‌ನಲ್ಲಿ ಮುದ್ರಿತವಾದ ಬಹುಭಾಷಾ ಬೈಬಲನ್ನು ಅರ್ಪಿಸಿದರು. ಅದೇ ಶತಮಾನ ಮುಗಿಯುವ ಮುನ್ನ ಮೊಘಲ್ ಕಲಾವಿದ ಮಿಸ್ಕೀನನದೆಂದು ಹೇಳಲಾಗುವ ನೋಹನ ನಾವೆಯ ಚಿತ್ರವೂ ಮೂಡಿತ್ತು. ತರಗತಿಯ ಮಟ್ಟದಲ್ಲಿ ಸುಲಭ ಉಪಾಯವಿದೆ: ಮುಖ ಬೇಡವಾದವರು ನಾವೆ, ಪಾರಿವಾಳ, ಮೀನು, ಅಂಗಿ ಇವುಗಳನ್ನು ಬರೆಯಲಿ.

ಸರ್ಕಾರಿ ಶಾಲೆಯಲ್ಲಿ ಇದೆಲ್ಲ ಸಾಧುವೇ ಎಂಬ ಆಕ್ಷೇಪವೂ ಬರುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಭಕ್ತಿಪೂರ್ವಕ ಬೈಬಲ್ ಪಠಣವನ್ನು ಅಸಿಂಧುಗೊಳಿಸಿತು. ಆದರೆ ಸಾಹಿತ್ಯವಾಗಿ, ಇತಿಹಾಸವಾಗಿ ಅದರ ಅಧ್ಯಯನಕ್ಕೆ ಅಡ್ಡಿಯಿಲ್ಲವೆಂದೂ ಅದೇ ತೀರ್ಪು ಹೇಳಿತು. ಕತೆ ಹೇಳುವುದಕ್ಕೂ ಧರ್ಮ ಬೋಧಿಸುವುದಕ್ಕೂ ನಡುವಿನ ಈ ಗೆರೆಯನ್ನು ಕಾಯುವ ಹೊಣೆ ಶಿಕ್ಷಕರದು. ಪೋಷಕರಿಗೆ ಮೊದಲೇ ತಿಳಿಸುವುದು ಲೇಸು.

ಮಕ್ಕಳಿಗೆ ಅಚ್ಚುಮೆಚ್ಚಿನದು ಯೋನನ ಕತೆ. ಅವನನ್ನು ನುಂಗಿದ್ದು ತಿಮಿಂಗಿಲವಲ್ಲ, ಹೀಬ್ರೂ ಮೂಲದಲ್ಲಿ ಬರಿಯ 'ದೊಡ್ಡ ಮೀನು'. ಅನೇಕ ಮಕ್ಕಳ ಪುಸ್ತಕಗಳು ಮೀನು ಅವನನ್ನು ದಡಕ್ಕೆ ಉಗುಳಿದಲ್ಲಿಗೆ ಬಹುತೇಕ ಮುಗಿದುಬಿಡುತ್ತವೆ. ಮೂಲ ಗ್ರಂಥದಲ್ಲಿ ಅದು ಅರ್ಧ ಮಾತ್ರ. ಶತ್ರುಗಳ ನಗರವಾದ ನಿನೆವೆಯನ್ನು ದೇವರು ಕ್ಷಮಿಸಿದನೆಂದು ಯೋನ ಮುನಿಸಿಕೊಳ್ಳುತ್ತಾನೆ. 1,20,000ಕ್ಕೂ ಹೆಚ್ಚು ಜನರೂ ಲೆಕ್ಕವಿಲ್ಲದಷ್ಟು ದನಕರುಗಳೂ ಇರುವ ಊರಿಗಾಗಿ ತಾನು ಮರುಗಬಾರದೇ ಎಂದು ದೇವರು ಕೇಳುವ ಪ್ರಶ್ನೆಯೊಂದಿಗೆ ಗ್ರಂಥ ನಿಲ್ಲುತ್ತದೆ. ಯೆಹೂದಿಗಳು ಇದನ್ನು ಯೋಮ್ ಕಿಪ್ಪುರ್ ದಿನದ ಮಧ್ಯಾಹ್ನ ಓದುತ್ತಾರೆ. ನಿನೆವೆ ಇದ್ದದ್ದು ಇಂದಿನ ಇರಾಕಿನ ಮೋಸುಲ್ ನಗರದಲ್ಲಿ. ಅಲ್ಲಿ ಯೋನನ ಸಮಾಧಿಯೆಂದು ನಂಬಲಾಗಿದ್ದ ನಬಿ ಯೂನುಸ್ ಮಸೀದಿಯನ್ನು 2014ರ ಜುಲೈನಲ್ಲಿ ಐಎಸ್ ಉಗ್ರರು ಸ್ಫೋಟಿಸಿದರು.