ಊಜಿ ನೊಣ ಹಾಗೂ ಅದನ್ನು ನಾಶಪಡಿಸುವ ಕಣಜವನ್ನು ಗುರುತಿಸುವ ವಿಧಾನ

(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ರೇಷ್ಮೆ ಬೆಳೆಗಾರರ ಗಮನಕ್ಕೆ)

ರೇಷ್ಮೆ ಹುಳುವು ಪತಂಗವೊಂದರ ಮರಿಹುಳುವಾಗಿದ್ದು, ಅದರ ದೇಹದಲ್ಲಿ ಬೆಳೆಯುವ ಪರಾವಲಂಬಿ ಕೀಟವೇ ಊಜಿ ನೊಣ. ಇದರ ವೈಜ್ಞಾನಿಕ ಹೆಸರು ಎಕ್ಸೊರಿಸ್ಟಾ ಬಾಂಬಿಸಿಸ್. ಪಶ್ಚಿಮ ಬಂಗಾಳದಲ್ಲಿ ಮೊದಲಿನಿಂದಲೂ ಇದ್ದ ಈ ಪೀಡೆಯು ಕರ್ನಾಟಕದಲ್ಲಿ 1980ರಲ್ಲಿ ಕಾಣಿಸಿಕೊಂಡಿತು. ಊಜಿ ನೊಣದ ಕೋಶದಲ್ಲಿ ಬೆಳೆಯುವ ಸಣ್ಣ ಕಣಜವೂ ಇರುತ್ತದೆ. ನೊಣವು ಬೆಳೆಗಾರರ ಶತ್ರು, ಕಣಜವು ಮಿತ್ರ. ಇವೆರಡರ ವ್ಯತ್ಯಾಸವನ್ನು ತಿಳಿಯದೆ ಮಿತ್ರಕೀಟವನ್ನೂ ನಾಶಪಡಿಸಬಾರದು.

ಹುಳುವಿನ ಮೇಲಿನ ಲಕ್ಷಣಗಳು

1. ಹುಳುವಿನ ಮೈಮೇಲೆ ಗುಂಡುಸೂಜಿಯ ತಲೆಯಷ್ಟು ಗಾತ್ರದ, ಕೆನೆಬಿಳಿ ಬಣ್ಣದ ಉದ್ದನೆಯ ಮೊಟ್ಟೆ ಕಂಡುಬರುತ್ತದೆ.
2. ಎರಡು ಮೂರು ದಿನಗಳಲ್ಲಿ ಮೊಟ್ಟೆಯೊಡೆದು ಮರಿ ಒಳಸೇರುತ್ತದೆ. ಆ ಸ್ಥಳದಲ್ಲಿ ಕಪ್ಪು ಕಲೆ ಮೂಡುತ್ತದೆ.
3. ನಾಲ್ಕನೇ ಹಂತದಲ್ಲಿ ಮೊಟ್ಟೆಯಿಟ್ಟಲ್ಲಿ ಹುಳುವು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಐದನೇ ಹಂತದ ಕೊನೆಯಲ್ಲಿ ಇಟ್ಟಲ್ಲಿ ಗೂಡು ಕಟ್ಟಿದ ನಂತರ ಮರಿಯು ಗೂಡನ್ನು ತೂತು ಮಾಡಿ ಹೊರಬರುತ್ತದೆ. ಅಂತಹ ಗೂಡು ನೂಲು ಬಿಚ್ಚಲು ಯೋಗ್ಯವಲ್ಲದ ಕಾರಣ ಮಾರುಕಟ್ಟೆಯಲ್ಲಿ ಇಡೀ ರಾಶಿಯ ಬೆಲೆ ಕುಸಿಯುತ್ತದೆ.

ನೊಣದ ಲಕ್ಷಣಗಳು

ಊಜಿ ನೊಣದ ಎದೆಯ ಮೇಲೆ ನಾಲ್ಕು ಕಪ್ಪು ಗೆರೆಗಳಿರುತ್ತವೆ. ಮನೆನೊಣಕ್ಕೂ ಇಂತಹ ಗೆರೆಗಳಿರುವುದರಿಂದ ಗೆರೆಗಳನ್ನು ಮಾತ್ರ ನೋಡಿ ನಿರ್ಧರಿಸುವುದು ಸರಿಯಲ್ಲ. ಊಜಿ ನೊಣವು ಮನೆನೊಣಕ್ಕಿಂತ ಬಹಳ ದೊಡ್ಡದು (ಸುಮಾರು 10 ರಿಂದ 12 ಮಿ.ಮೀ.), ಮತ್ತು ಅದರ ಹೊಟ್ಟೆಯ ಮೇಲೆ ಒರಟಾದ ಬಿರುಗೂದಲುಗಳಿರುತ್ತವೆ.

ಕಣಜದ ಲಕ್ಷಣಗಳು

ನೆಸೊಲಿಂಕ್ಸ್ ಥೈಮಸ್ ಎಂಬ ಈ ಕಣಜವು ಇರುವೆಗಿಂತಲೂ ಸಣ್ಣದು. ಹೆಣ್ಣು ಕಣಜವು ಊಜಿಯ ಕೋಶವನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಒಂದೇ ಕೋಶದಿಂದ ಹತ್ತಾರು ಕಣಜಗಳು ಹೊರಬರುತ್ತವೆ. ಇವು ಸಾಕಾಣಿಕೆಯ ಹುಳುಗಳ ಮೇಲೆ ಮೊಟ್ಟೆಯಿಡುವುದಿಲ್ಲ, ಮನುಷ್ಯರನ್ನು ಕಚ್ಚುವುದೂ ಇಲ್ಲ.

ಮನೆಯಲ್ಲಿಯೇ ಪರೀಕ್ಷಿಸುವ ಕ್ರಮ

ಊಜಿ ಮರಿಗಳು ನೆಲದ ಬಿರುಕು, ಗೋಡೆಯ ಸಂದು ಹಾಗೂ ಚಂದ್ರಿಕೆಗಳ ಕೆಳಗೆ ಸೇರಿ ಕಂದು ಬಣ್ಣದ ಕೋಶಗಳಾಗುತ್ತವೆ. ಅವುಗಳನ್ನು ಆರಿಸಿ, ಗಾಜಿನ ಸೀಸೆಯಲ್ಲಿ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ ಮೂರು ವಾರಗಳವರೆಗೆ ಗಮನಿಸತಕ್ಕದ್ದು. ಹೊರಬಂದ ನೊಣಗಳನ್ನು ಸಾಬೂನು ನೀರಿನಲ್ಲಿ ಮುಳುಗಿಸಿ ಕೊಲ್ಲಬೇಕು. ಕಣಜಗಳು ಬಂದಲ್ಲಿ ಸಾಕಾಣಿಕಾ ಮನೆಯಲ್ಲಿಯೇ ಬಿಡಬೇಕು. ಖಾಲಿ ಕೋಶವನ್ನು ನೋಡಿಯೂ ತಿಳಿಯಬಹುದು: ತುದಿಯು ಮುಚ್ಚಳದಂತೆ ತೆರೆದಿದ್ದರೆ ನೊಣ ಹೊರಬಂದಿದೆ; ಸೂಜಿ ಚುಚ್ಚಿದಂತಹ ದುಂಡನೆಯ ಸಣ್ಣ ರಂಧ್ರವಿದ್ದರೆ ಕಣಜಗಳು ಹೊರಬಂದಿವೆ.

ಎಚ್ಚರಿಕೆ

ಮಳೆಗಾಲದಲ್ಲಿ ಊಜಿ ಹಾವಳಿ ಹೆಚ್ಚು. ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಅಳವಡಿಸಬೇಕು. ಗೂಡು ಬಿಡಿಸಿದ ನಂತರ ನೆಲವನ್ನು ಗುಡಿಸಿ, ಸಿಕ್ಕಿದ ಮರಿಗಳನ್ನು ಅಂದೇ ನಾಶಪಡಿಸಬೇಕು. ಸಾಕಾಣಿಕಾ ಮನೆಯಲ್ಲಿ ಕೀಟನಾಶಕ ಸಿಂಪಡಿಸಬಾರದು. ಅದರಿಂದ ರೇಷ್ಮೆ ಹುಳುವೂ ಕಣಜವೂ ಸಾಯುತ್ತವೆ.

ಒಬ್ಬ ಬೆಳೆಗಾರರ ಮನೆಯಲ್ಲಿ ಉಳಿದ ನೊಣವು ನೆರೆಯವರ ಬೆಳೆಗೂ ಹಾರಿಹೋಗುವುದರಿಂದ, ಊರಿನ ಎಲ್ಲ ಬೆಳೆಗಾರರೂ ಒಟ್ಟಾಗಿ ಈ ಕ್ರಮಗಳನ್ನು ಅನುಸರಿಸುವುದು ಅವಶ್ಯಕ. ಕಣಜಗಳ ಬಿಡುಗಡೆಯ ಪ್ರಮಾಣ ಹಾಗೂ ಸಮಯದ ಬಗ್ಗೆ ಹತ್ತಿರದ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರವನ್ನು ಸಂಪರ್ಕಿಸಲು ಕೋರಿದೆ.