ಎಂಬಕಸಿಯಲ್ಲಿ ಒಂಬತ್ತು ಗಂಟೆ: ಸಿಂಹ ನೋಡಿ ವಿಮಾನ ಹಿಡಿಯಬಹುದೇ?

ಎಂಬಕಸಿಗೆ ಕಡಲಿಲ್ಲ, ಬಂದರಿದೆ. ಮೊಂಬಾಸಾದಲ್ಲಿ ಹಡಗಿನಿಂದ ಇಳಿದ ಕಂಟೇನರ್‌ಗಳು ರೈಲಿನಲ್ಲಿ ಬಂದು ಸೇರುವ ಒಳನಾಡು ಕಂಟೇನರ್ ಡಿಪೋ 1984ರಿಂದ ನೈರೋಬಿಯ ಈ ಭಾಗದಲ್ಲೇ ಇದೆ. ಜನ ಬಂದಿಳಿಯುವ ಜೋಮೊ ಕೆನ್ಯಾಟಾ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೂ ಇಲ್ಲಿಯದೇ. 1958ರಲ್ಲಿ ಶುರುವಾದಾಗ ಅದನ್ನು ಎಂಬಕಸಿ ವಿಮಾನ ನಿಲ್ದಾಣವೆಂದೇ ಕರೆಯುತ್ತಿದ್ದರು.

ಮುಂಬೈಯಿಂದ ನೈರೋಬಿಗೆ ಹಾರಿ, ಅಲ್ಲಿಂದ ಎಂಟೆಬೆಗೋ ದಾರ್-ಎಸ್-ಸಲಾಮ್‌ಗೋ ಲುಸಾಕಾಕ್ಕೋ ವಿಮಾನ ಬದಲಿಸುವ ಕನ್ನಡಿಗರು ಇಲ್ಲಿ ಕೆಲವೊಮ್ಮೆ ಎಂಟು-ಹತ್ತು ಗಂಟೆ ಕೂರಬೇಕಾಗುತ್ತದೆ. ಹೊರಗೆ ಸ್ವಲ್ಪ ದೂರದಲ್ಲೇ ನೈರೋಬಿ ರಾಷ್ಟ್ರೀಯ ಉದ್ಯಾನ. 1946ರಲ್ಲಿ ಘೋಷಣೆಯಾದ, 117 ಚದರ ಕಿಲೋಮೀಟರ್ ವಿಸ್ತಾರದ, ಕೆನ್ಯಾದ ಮೊದಲ ರಾಷ್ಟ್ರೀಯ ಉದ್ಯಾನ ಅದು. ಸುಮ್ಮನೆ ಕೂರುವ ಬದಲು ಒಂದು ಸುತ್ತು ಹೋಗಿ ಸಿಂಹ ನೋಡಿ ಬರೋಣ ಎನಿಸುವುದು ಸಹಜ. ಹೋಗಬಹುದು, ತಪ್ಪೇನಿಲ್ಲ. ಆದರೆ ಕ್ರೂಸ್ ಹಡಗಿನಿಂದ ಇಳಿದು ಸ್ವಂತ ಏರ್ಪಾಟಿನಲ್ಲಿ ಊರು ಸುತ್ತಲು ಹೊರಟವರು ಎಡವುವ ಕಡೆಯಲ್ಲೇ ಇವರೂ ಎಡವುತ್ತಾರೆ. ಎಡವಿಸುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಐದು-ಹತ್ತು ನಿಮಿಷ ತಡವಾದರೆ ಕಾಯುತ್ತಾರೆ

ಸತ್ಯ: ಕಾಯುವುದು ಯಾರ ಏರ್ಪಾಟಿನಲ್ಲಿ ಹೋಗಿದ್ದೀರಿ ಎಂಬುದರ ಮೇಲೆ ನಿಂತಿದೆ. ನಮ್ಮ ಪಣಂಬೂರಿನ ನವಮಂಗಳೂರು ಬಂದರನ್ನೇ ತೆಗೆದುಕೊಳ್ಳಿ. ಕ್ರೂಸ್ ಹಡಗು ಬಂದಾಗ ಪ್ರವಾಸಿಗರು ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಂದು ಹೊರಡುತ್ತಾರೆ. ಹಡಗಿನವರೇ ಏರ್ಪಡಿಸಿದ ಬಸ್ಸು ದಾರಿಯಲ್ಲಿ ಸಿಕ್ಕಿಕೊಂಡರೆ ಹಡಗಿನವರೇ ಕಾಯುತ್ತಾರೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಹೊರುತ್ತಾರೆ. ತಾವೇ ಟ್ಯಾಕ್ಸಿ ಮಾಡಿಕೊಂಡು ಹೋದವರಿಗೆ ಆ ಭಾಗ್ಯವಿಲ್ಲ. ಅಷ್ಟೇ ಅಲ್ಲ, ಅವರು ನೋಡಬೇಕಾದ ಸಮಯ ಹಡಗು ಹೊರಡುವ ಸಮಯವೂ ಅಲ್ಲ. ಎಲ್ಲರೂ ಹಡಗಿನಲ್ಲಿರಬೇಕಾದ ಗಡುವು ಅದಕ್ಕಿಂತ ಸಾಮಾನ್ಯವಾಗಿ ಅರ್ಧ ಗಂಟೆ, ಕೆಲವೆಡೆ ಇನ್ನೂ ಮೊದಲೇ ಇರುತ್ತದೆ.

ವಿಮಾನದಲ್ಲೂ ಇದೇ ನ್ಯಾಯ. ಒಂದೇ ಟಿಕೆಟ್‌ನಲ್ಲಿ ಮುಂಬೈ-ನೈರೋಬಿ-ಎಂಟೆಬೆ ಎಂದಿದ್ದು, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಬದಲಿ ವ್ಯವಸ್ಥೆ ಏರ್‌ಲೈನ್‌ನ ಹೊಣೆ. ನೀವೇ ಹೊರಗೆ ಹೋಗಿ ತಡವಾಗಿ ಬಂದರೆ ಲೆಕ್ಕದಲ್ಲಿ ‘ಬರಲಿಲ್ಲ’ ಎಂದಾಗುತ್ತದೆ, ಅದೇ ಟಿಕೆಟ್‌ನ ಮುಂದಿನ ಹಾರಾಟಗಳೂ ರದ್ದಾಗಬಹುದು. ಪ್ರಯಾಣ ವಿಮೆ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಸಂಪರ್ಕ ವಿಮಾನ ತಪ್ಪಿದ್ದಕ್ಕೆ ಪರಿಹಾರ ಕೊಡುವ ಪಾಲಿಸಿಗಳು ಸಾಮಾನ್ಯವಾಗಿ ಏರ್‌ಲೈನ್‌ನಿಂದಾದ ವಿಳಂಬವನ್ನು ನೋಡುತ್ತವೆಯೇ ಹೊರತು ನಿಮ್ಮ ಸಫಾರಿಯಿಂದಾದ ವಿಳಂಬವನ್ನಲ್ಲ.

ತಪ್ಪು ಕಲ್ಪನೆ 2: ಟ್ರಾನ್ಸಿಟ್ ಪ್ರಯಾಣಿಕರಿಗೆ ಯಾವ ಅನುಮತಿಯೂ ಬೇಡ

ಸತ್ಯ: ನಿಲ್ದಾಣದ ಒಳಗೇ ಇರುವವರಿಗೆ ಬೇಡ. ಹೊರಗೆ ಕಾಲಿಡುವ ಭಾರತೀಯರಿಗೆ ಬೇಕು. 2024ರ ಜನವರಿಯಿಂದ ಕೆನ್ಯಾ ಹಳೆಯ ವೀಸಾ ಪದ್ಧತಿ ಬಿಟ್ಟು ಇಟಿಎ ಎಂಬ ಆನ್‌ಲೈನ್ ಪ್ರವೇಶಾನುಮತಿ ತಂದಿದೆ. ಮೂಲ ಶುಲ್ಕ 30 ಡಾಲರ್. ಪ್ರಯಾಣಕ್ಕೆ ಕನಿಷ್ಠ ಮೂರು ದಿನ ಮೊದಲೇ ಅರ್ಜಿ ಹಾಕಬೇಕೆಂಬುದು ಸರ್ಕಾರದ ಸೂಚನೆ. ಇಳಿದ ಮೇಲೆ ಕೌಂಟರ್‌ನಲ್ಲಿ ಮಾಡಿಸಿಕೊಳ್ಳೋಣ ಎಂದು ಹೊರಟವರ ಸಫಾರಿ ನಿಲ್ದಾಣದ ಕುರ್ಚಿಯಲ್ಲೇ ಮುಗಿಯುತ್ತದೆ. ಹೋಗುವಾಗಲೂ ಬರುವಾಗಲೂ ನೈರೋಬಿಯಲ್ಲಿ ಹೊರಬೀಳುವ ಯೋಚನೆಯಿದ್ದರೆ, ಸಿಕ್ಕ ಅನುಮತಿ ಎಷ್ಟು ಪ್ರವೇಶಕ್ಕೆ ಎಂಬುದನ್ನು ಓದಿಕೊಳ್ಳಿ.

ತಪ್ಪು ಕಲ್ಪನೆ 3: ನಾಲ್ಕು ಗಂಟೆ ಹೊರಗೆ ಹೋಗಿಬರಲು ಹಳದಿ ಜ್ವರದ ಲಸಿಕೆ ಏಕೆ?

ಸತ್ಯ: ಎಲ್ಲಕ್ಕಿಂತ ದುಬಾರಿಯಾಗಬಲ್ಲ ತಪ್ಪು ಇದು. ಭಾರತದಿಂದ ನೇರ ಬಂದವರನ್ನು ಕೆನ್ಯಾ ಈ ಲಸಿಕೆಗಾಗಿ ತಡೆಯುವುದಿಲ್ಲ, ಹಾಗಾಗಿ ಅದು ಬೇಡವೆಂದೇ ಹಲವರು ತಿಳಿಯುತ್ತಾರೆ. ಕೇಳುವುದು ಮರಳುವಾಗ, ಅದೂ ನಮ್ಮದೇ ದೇಶ. ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶವೊಂದನ್ನು ಬಿಟ್ಟು ಆರು ದಿನದೊಳಗೆ ಭಾರತಕ್ಕೆ ಬರುವವರು ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್. ಕೆನ್ಯಾ ಆ ಪಟ್ಟಿಯಲ್ಲಿದೆ.

ಟ್ರಾನ್ಸಿಟ್ ಅವಧಿಯುದ್ದಕ್ಕೂ ವಿಮಾನ ನಿಲ್ದಾಣದ ಆವರಣದಲ್ಲೇ ಇದ್ದೆವೆಂದು ಆರೋಗ್ಯಾಧಿಕಾರಿಗೆ ಮನದಟ್ಟಾದರೆ ವಿನಾಯಿತಿ ಉಂಟು. ಪಾಸ್‌ಪೋರ್ಟ್ ಮೇಲೆ ಕೆನ್ಯಾದ ಪ್ರವೇಶ ಮುದ್ರೆ ಬಿದ್ದ ಮೇಲೆ ಆ ಮಾತು ನಡೆಯುವುದಿಲ್ಲ. ದಕ್ಷಿಣ ಆಫ್ರಿಕಾ, ತಾಂಜಾನಿಯಾದಂಥ ದೇಶಗಳಂತೂ ಹಳದಿ ಜ್ವರದ ಪಟ್ಟಿಯ ದೇಶದ ನಿಲ್ದಾಣದಲ್ಲಿ 12 ಗಂಟೆ ಮೀರಿ ತಂಗಿದವರಿಂದಲೂ ಪ್ರಮಾಣಪತ್ರ ಕೇಳುತ್ತವೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಆ ಪತ್ರಕ್ಕೆ ಮಾನ್ಯತೆ. ಹಿಂದಿನ ವಾರ ಓಡಿಹೋಗಿ ಚುಚ್ಚಿಸಿಕೊಂಡರೆ ಪ್ರಯೋಜನವಿಲ್ಲ. ಸಮಾಧಾನವೆಂದರೆ, 2016ರಿಂದ ಒಂದು ಸಲದ ಲಸಿಕೆ ಜೀವಮಾನಕ್ಕೆ ಸಾಕು.

ತಪ್ಪು ಕಲ್ಪನೆ 4: ಒಂಬತ್ತು ಗಂಟೆ ಬಿಡುವಿದ್ದರೆ ಎಂಟು ಗಂಟೆ ಸುತ್ತಬಹುದು

ಸತ್ಯ: ಲೆಕ್ಕವನ್ನು ಇಳಿದ ಹೊತ್ತಿನಿಂದ ಮುಂದಕ್ಕೆ ಹಾಕುವುದರಿಂದ ಈ ಭ್ರಮೆ ಹುಟ್ಟುತ್ತದೆ. ಹೊರಡುವ ಹೊತ್ತಿನಿಂದ ಹಿಂದಕ್ಕೆ ಹಾಕಿ ನೋಡಿ. ಬೆಳಿಗ್ಗೆ 7ಕ್ಕೆ ಇಳಿದಿರಿ, ಮುಂದಿನ ವಿಮಾನ ಸಂಜೆ 4ಕ್ಕೆ ಎಂದಿಟ್ಟುಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮೊದಲು, ಅಂದರೆ ಮಧ್ಯಾಹ್ನ 1ಕ್ಕೆ ನಿಲ್ದಾಣದಲ್ಲಿರಬೇಕು. ದಾರಿಗೂ ದಾರಿಯ ತೊಂದರೆಗೂ ಸೇರಿ ಒಂದು ಗಂಟೆ ಬಿಟ್ಟರೆ 12ಕ್ಕೆ ಉದ್ಯಾನದ ಗೇಟು ದಾಟಿರಬೇಕು. ಈಗ ಈ ಕಡೆಯಿಂದ ಬನ್ನಿ: ವಿಮಾನದಿಂದಿಳಿದು, ಇಮಿಗ್ರೇಷನ್ ಸಾಲು ಮುಗಿಸಿ, ಚಾಲಕನನ್ನು ಹುಡುಕಿ ಗಾಡಿ ಹತ್ತುವಾಗ 8.30. ಮೊಂಬಾಸಾ ರಸ್ತೆ ಕಡೆಯ ಈಸ್ಟ್ ಗೇಟ್ ತಲುಪಿ ಒಳಹೋಗುವಾಗ 9. ಒಂಬತ್ತು ಗಂಟೆಯ ಬಿಡುವಿನಲ್ಲಿ ಕಾಡಿನೊಳಗೆ ಸಿಕ್ಕಿದ್ದು ಮೂರು ಗಂಟೆ. ಆರು ಗಂಟೆಯ ಬಿಡುವಿದ್ದವರಿಗೆ ಉಳಿಯುವುದು ಸೊನ್ನೆ.

ಮೂರು ಗಂಟೆ ಮೊದಲು ಏಕೆ ಎನ್ನುವವರು ಈ ನಿಲ್ದಾಣದ ಬಾಗಿಲನ್ನು ನೋಡಬೇಕು. ಟರ್ಮಿನಲ್ ಇನ್ನೂ ದೂರವಿರುವಾಗಲೇ ರಸ್ತೆಯಲ್ಲಿ ತಪಾಸಣಾ ಕೇಂದ್ರ ಬರುತ್ತದೆ. ಅಲ್ಲಿ ಚಾಲಕನನ್ನು ಬಿಟ್ಟು ಉಳಿದವರೆಲ್ಲ ಇಳಿದು, ಸಾಲಿನಲ್ಲಿ ನಡೆದು, ಲೋಹ ಶೋಧಕದಡಿ ಹಾದು, ಆಚೆ ಬದಿಯಲ್ಲಿ ಮತ್ತೆ ಅದೇ ಗಾಡಿ ಹತ್ತಬೇಕು. ಸಫಾರಿಯ ಧೂಳು ಮೆತ್ತಿದ ವ್ಯಾನುಗಳು ಒಂದರ ಹಿಂದೊಂದು ನಿಂತಿದ್ದರೆ ಹದಿನೈದು ನಿಮಿಷ ಹೋದದ್ದೇ ಗೊತ್ತಾಗುವುದಿಲ್ಲ. ಟರ್ಮಿನಲ್ ಬಾಗಿಲಲ್ಲಿ ಬ್ಯಾಗು, ಶೂ, ಬೆಲ್ಟಿನ ತಪಾಸಣೆ. ಆಮೇಲೆ ಇಮಿಗ್ರೇಷನ್, ಗೇಟಿನ ಬಳಿ ಇನ್ನೊಮ್ಮೆ ಸೆಕ್ಯುರಿಟಿ. ಎರಡು ಪ್ರತ್ಯೇಕ ಟಿಕೆಟ್ ಇದ್ದವರಿಗೆ ಲಗೇಜು ಹೊತ್ತು ಚೆಕ್-ಇನ್ ಮಾಡುವ ಕೆಲಸ ಬೇರೆ. ಅಂತರರಾಷ್ಟ್ರೀಯ ಹಾರಾಟಕ್ಕೆ ಹಲವು ಏರ್‌ಲೈನ್‌ಗಳು ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತವೆ.

ತಪ್ಪು ಕಲ್ಪನೆ 5: ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಟ್ರಾಫಿಕ್ ಚಿಂತೆ ಇಲ್ಲ

ಸತ್ಯ: ಮ್ಲೊಲೊಂಗೊದಿಂದ ವೆಸ್ಟ್‌ಲ್ಯಾಂಡ್ಸ್‌ವರೆಗಿನ 27 ಕಿಲೋಮೀಟರ್ ಟೋಲ್ ರಸ್ತೆ 2022ರ ಮೇ ತಿಂಗಳಲ್ಲಿ ಸಂಚಾರಕ್ಕೆ ತೆರೆದ ಮೇಲೆ ಮೊದಲಿನ ಪಾಡು ತಪ್ಪಿದ್ದು ನಿಜ. ನಗರದ ನಡುಭಾಗಕ್ಕೆ ಹೋಗುವವರಿಗೆ ಅದು ವರದಾನ. ಆದರೆ ಸಿಂಹಗಳಿರುವುದು ವೆಸ್ಟ್‌ಲ್ಯಾಂಡ್ಸ್‌ನಲ್ಲಲ್ಲ. ಉದ್ಯಾನದ ಗೇಟುಗಳು, ಆನೆಮರಿಗಳ ಆಶ್ರಮ, ಲಂಗಾಟದ ಜಿರಾಫೆ ಕೇಂದ್ರ ಎಲ್ಲವಕ್ಕೂ ಕೆಳಗಿನ ರಸ್ತೆಗಳಲ್ಲೇ ಸಾಗಬೇಕು. ಎಂಬಕಸಿಯ ಡಿಪೋದಿಂದ ಹೊರಬಿದ್ದ ಕಂಟೇನರ್ ಲಾರಿಗಳೂ ಮಟಾಟು ವ್ಯಾನುಗಳೂ ಓಡಾಡುವ ರಸ್ತೆಗಳವು. ಸಿಲ್ಕ್ ಬೋರ್ಡ್ ಮೇಲೆ ಫ್ಲೈಓವರ್ ಇದ್ದರೂ ಕೆಳಗೆ ಏನಾಗುತ್ತದೆ ಎಂದು ಬಲ್ಲ ಬೆಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಬಂದರಂತೂ ಮುಗಿಯಿತು. ಮಾರ್ಚ್‌ನಿಂದ ಮೇ, ಅಕ್ಟೋಬರ್‌ನಿಂದ ಡಿಸೆಂಬರ್ ಅಲ್ಲಿಯ ಮಳೆಗಾಲಗಳು. ಉದ್ಯಾನದೊಳಗಿನ ಕಪ್ಪು ಎರೆಮಣ್ಣು ನೆನೆದರೆ ಫೋರ್‌ವ್ಹೀಲ್ ಡ್ರೈವ್ ಗಾಡಿಯೂ ಹೂತುಕೊಳ್ಳಬಹುದು.

ತಪ್ಪು ಕಲ್ಪನೆ 6: ಒಂದೇ ಸುತ್ತಿನಲ್ಲಿ ಆನೆ, ಸಿಂಹ, ಜಿರಾಫೆ ಎಲ್ಲ ಆಗುತ್ತದೆ

ಸತ್ಯ: ನೈರೋಬಿ ಉದ್ಯಾನದಲ್ಲಿ ಕಾಡಾನೆಗಳೇ ಇಲ್ಲ. ಘೇಂಡಾಮೃಗ, ಸಿಂಹ, ಕಾಡೆಮ್ಮೆ, ಜೀಬ್ರಾ, ಜಿರಾಫೆಗಳಿವೆ. ಆನೆಯ ನೆನಪಿಗೆ ಇರುವುದು ದಂತ ಸುಟ್ಟ ಸ್ಥಳ. 1989ರಲ್ಲಿ ಅಧ್ಯಕ್ಷ ಮೋಯ್ 12 ಟನ್ ದಂತಕ್ಕೆ ಬೆಂಕಿ ಇಟ್ಟರು. 2016ರ ಏಪ್ರಿಲ್ 30ರಂದು ಅದೇ ಜಾಗದಲ್ಲಿ 105 ಟನ್ ಸುಡಲಾಯಿತು. ಜೀವಂತ ಆನೆ ಬೇಕಾದವರು ಹೋಗುವುದು ಶೆಲ್ಡ್ರಿಕ್ ಸಂಸ್ಥೆಯ ಅನಾಥ ಮರಿಗಳ ಪಾಲನಾ ಕೇಂದ್ರಕ್ಕೆ. ಸಾರ್ವಜನಿಕರಿಗೆ ಅದು ತೆರೆದಿರುವುದು ದಿನಕ್ಕೆ ಒಂದೇ ಗಂಟೆ, 11ರಿಂದ 12. ಅದಕ್ಕೂ ಮೊದಲೇ ಕಾಯ್ದಿರಿಸಬೇಕು. ಮೇಲಿನ ವೇಳಾಪಟ್ಟಿಗೆ ಇದನ್ನೂ ತುರುಕಿದರೆ ಎರಡೂ ಕೆಟ್ಟು, ‘ಹೋದ ಪುಟ್ಟ, ಬಂದ ಪುಟ್ಟ’ ಎಂಬಂತಾಗುತ್ತದೆ. ಒಂದನ್ನು ಆರಿಸಿಕೊಳ್ಳಿ.

ಪ್ರಾಣಿಗಳು ಕಾಣುವುದು ಹೆಚ್ಚಾಗಿ ಮುಂಜಾವಿನಲ್ಲಿ ಮತ್ತು ಸಂಜೆ. ಉದ್ಯಾನ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಸಂಜೆ 6ಕ್ಕೆ ಮುಚ್ಚುತ್ತದೆ. ರಾತ್ರಿ ಬಂದಿಳಿದು ಮಧ್ಯಾಹ್ನ ಹೊರಡುವವರಿಗೆ ಇದು ಹೇಳಿಮಾಡಿಸಿದ ಜಾಗ. ಮಧ್ಯಾಹ್ನ ಇಳಿದು ರಾತ್ರಿ ಹೊರಡುವವರಿಗೆ ಸಂಜೆಯ ಟ್ರಾಫಿಕ್ಕೂ ಗಂಟುಬೀಳುತ್ತದೆ. ಗೇಟಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಇ-ಸಿಟಿಜನ್ ಪೋರ್ಟಲ್ ಮೂಲಕವೇ ಪಾವತಿ. ಇನ್ನೊಂದು ಮಾತು: 2017ರ ಆಗಸ್ಟ್‌ನಿಂದ ಕೆನ್ಯಾದಲ್ಲಿ ಪ್ಲಾಸ್ಟಿಕ್ ಚೀಲ ನಿಷಿದ್ಧ, 2020ರ ಜೂನ್‌ನಿಂದ ಉದ್ಯಾನಗಳಿಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯೂ ಒಯ್ಯುವಂತಿಲ್ಲ. ಚಕ್ಕುಲಿ, ಕೋಡುಬಳೆಯನ್ನು ಡಬ್ಬಿಯಲ್ಲೇ ಒಯ್ಯಿರಿ.

ತಪ್ಪು ಕಲ್ಪನೆ 7: ನಾವೇ ಬುಕ್ ಮಾಡಿದರೆ ಮೋಸ ಗ್ಯಾರಂಟಿ

ಸತ್ಯ: ಇದರ ತದ್ವಿರುದ್ಧದ ಇನ್ನೊಂದು ನಂಬಿಕೆಯೂ ಇದೆ: ಇಳಿದ ಮೇಲೆ ಎದುರಿಗೆ ಸಿಕ್ಕವನೊಂದಿಗೆ ಚೌಕಾಸಿ ಮಾಡಿದರೆ ಅಗ್ಗವಾಗುತ್ತದೆ ಎಂಬುದು. ಎರಡೂ ಸರಿಯಲ್ಲ. ಕೆನ್ಯಾದಲ್ಲಿ ಟೂರ್ ಕಂಪನಿಗಳಿಗೆ ಪ್ರವಾಸೋದ್ಯಮ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಕಡ್ಡಾಯ. ಟೂರ್ ಆಪರೇಟರ್‌ಗಳ ಸಂಘವಾದ ಕಾಟೋದ ಸದಸ್ಯರೇ ಎಂದೂ ನೋಡಬಹುದು. ಮಾರ್ಗದರ್ಶಕರಿಗೆ ವೃತ್ತಿಪರ ಸಫಾರಿ ಗೈಡ್‌ಗಳ ಸಂಘ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನದ ದರ್ಜೆ ಕೊಡುತ್ತದೆ. ಹಣ ಕೊಡುವ ಮೊದಲು ಪರವಾನಗಿಯ ಪ್ರತಿ ಕೇಳುವುದರಲ್ಲಿ ಸಂಕೋಚವೇನಿಲ್ಲ. ಯಾರದೋ ಖಾಸಗಿ ಎಂ-ಪೇಸಾ (ಮೊಬೈಲ್ ಹಣ) ಸಂಖ್ಯೆಗೆ ಪೂರ್ತಿ ಹಣ ಮುಂಗಡ ಕಳಿಸಬೇಡಿ.

ಬುಕ್ ಮಾಡುವಾಗ ವಿಮಾನದ ಸಂಖ್ಯೆ ತಿಳಿಸಿ. ನಿಮ್ಮ ವಿಮಾನವೇ ತಡವಾದರೆ ಏನು, ಗಾಡಿ ಕೆಟ್ಟರೆ ಬದಲಿ ಯಾರು ಕಳಿಸುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬೇರೆ ಪ್ರವಾಸಿಗರೊಂದಿಗೆ ಹಂಚಿಕೊಳ್ಳುವ ಗಾಡಿ ಅಗ್ಗ, ಆದರೆ ಅವರಿಗೆ ನಿಮ್ಮ ವಿಮಾನದ ಅವಸರವಿರುವುದಿಲ್ಲ. ಸಮಯವನ್ನು 24 ಗಂಟೆಯ ಲೆಕ್ಕದಲ್ಲೇ ಬರೆಯಿರಿ. ಸ್ವಾಹಿಲಿಯಲ್ಲಿ ಮಾತನಾಡುವವರು ಗಂಟೆಯನ್ನು ಸೂರ್ಯೋದಯದಿಂದ ಎಣಿಸುತ್ತಾರೆ, ಅವರ ಬೆಳಗಿನ ಒಂದು ಗಂಟೆ ನಮ್ಮ ಏಳು. ಭಾರತಕ್ಕಿಂತ ಎರಡೂವರೆ ಗಂಟೆ ಹಿಂದಿರುವ ಸ್ಥಳೀಯ ಸಮಯಕ್ಕೆ ಕೈಗಡಿಯಾರ ಬದಲಿಸಲೂ ಮರೆಯಬೇಡಿ.

ತಪ್ಪು ಕಲ್ಪನೆ 8: ಮೊಂಬಾಸಾದಲ್ಲಿ ಹಡಗು ನಿಂತರೆ ನೈರೋಬಿ ನೋಡಿ ಬರಬಹುದು

ಸತ್ಯ: ಬೇಡ. 2017ರಲ್ಲಿ ಶುರುವಾದ ಮಡರಾಕ ಎಕ್ಸ್‌ಪ್ರೆಸ್ ರೈಲು ಮೊಂಬಾಸಾದಿಂದ ನೈರೋಬಿಗೆ ಬರಲು ಸುಮಾರು ಐದಾರು ಗಂಟೆ ಬೇಕು, ಅದೂ ಬಂದು ನಿಲ್ಲುವುದು ನಗರದ ಹೊರಗೆ, ವಿಮಾನ ನಿಲ್ದಾಣದ ಕಡೆಯ ಸ್ಯೊಕಿಮಾವುವಿನಲ್ಲಿ. ವಿಮಾನದಲ್ಲಿ ಒಂದು ಗಂಟೆ ಎಂದರೂ ಎರಡೂ ತುದಿಯ ತಪಾಸಣೆ ಸೇರಿದರೆ ದಿನ ಕಳೆಯುತ್ತದೆ. ಹಡಗಿನವರಿಗೆ ಮೊಂಬಾಸಾದಲ್ಲೇ ಪೋರ್ಚುಗೀಸರ ಫೋರ್ಟ್ ಜೀಸಸ್ ಇದೆ, ಶಿಂಬಾ ಹಿಲ್ಸ್ ಅಭಯಾರಣ್ಯ ಹತ್ತಿರವಿದೆ.

ಕೊನೆಗೆ ಏನು ಮಾಡಬೇಕು?

ಬಿಡುವು ಆರು ಗಂಟೆಯೋ ಅದಕ್ಕಿಂತ ಕಡಿಮೆಯೋ ಇದ್ದರೆ ನಿಲ್ದಾಣದೊಳಗೇ ಕಾಫಿ ಕುಡಿದು ಕುಳಿತಿರಿ. ಏಳೆಂಟು ಗಂಟೆಯಿದ್ದರೆ ಹೋಗುವುದಕ್ಕಿಂತ ಹೋಗದಿರುವುದೇ ಜಾಣತನ. ಒಂಬತ್ತು ಗಂಟೆ ದಾಟಿದ್ದು, ಅದು ಹಗಲಾಗಿದ್ದು, ಇಟಿಎ ಮತ್ತು ಲಸಿಕೆಯ ಪತ್ರ ಕೈಯಲ್ಲಿದ್ದರೆ ಧೈರ್ಯವಾಗಿ ಹೊರಡಿ. ಒಂದೇ ಜಾಗ ನೋಡಿ, ಮರಳುವ ಸಮಯವನ್ನು ಗಾಡಿ ಹತ್ತುವಾಗಲೇ ಚಾಲಕನಿಗೆ ಹೇಳಿ. ಆ ಸಮಯ ಬಂದಾಗ ಎದುರಿಗೆ ಸಿಂಹವೇ ನಿಂತಿದ್ದರೂ ಗಾಡಿ ತಿರುಗಿಸಲು ಹೇಳಿ. ಸ್ವಂತ ಏರ್ಪಾಟಿನಲ್ಲಿ ಹೋದವರ ಗಡಿಯಾರವನ್ನು ಅವರೇ ನೋಡಿಕೊಳ್ಳಬೇಕು.